ಯಾವ ಊರಿನ ಕೊಳಗ?

ನಮ್ಮತ್ತೆಯವರ ಹಿತ್ತಾಳೆಯ ಪಾವು ಅಕ್ಕಿ ಡಬ್ಬಿಯನ್ನು ಬಿಟ್ಟು ಬೇರೆಡೆ ರಾತ್ರಿ ಕಳೆದದ್ದು ಈ ಜನವರಿಯಲ್ಲೇ ಮೊದಲು. ಅದಕ್ಕೆ ಕಾರಣನಾದವನು ನನ್ನ ಅಕ್ಕನ ಮಗ. ಸಂಕ್ರಾಂತಿಗೆಂದು ತಿಪಟೂರಿಗೆ ಬಂದಿದ್ದವನು, ಮನೆಯ ಹಳೆಯ ಭಾಗಪತ್ರದಲ್ಲಿ ‘ಕೆರೆ ಕೆಳಗಣ ಹತ್ತು ಕೊಳಗದ ಗದ್ದೆ’ ಎಂದಿದ್ದುದನ್ನು ಓದಿ, ಕೊಳಗವೆಂದರೆ ಎಷ್ಟು ಕೆ.ಜಿ., ಕೆ.ಜಿ.ಯಲ್ಲಿ ಗದ್ದೆಯನ್ನು ಅಳೆಯುವುದು ಹೇಗೆ ಎಂದು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದ. ಎರಡನೆಯದಕ್ಕೆ ಉತ್ತರ ಸುಲಭವಾಗಿತ್ತು. ಹಿಂದೆ ನೆಲದ ವಿಸ್ತಾರವನ್ನು ಅದರಲ್ಲಿ ಬಿತ್ತುವ ಬೀಜದ ಅಳತೆಯಿಂದಲೇ ಹೇಳುತ್ತಿದ್ದರು. ಅದಕ್ಕೆ ಬೀಜವರಿ ಎಂದು ಹೆಸರು. ಗದ್ದೆಗೆ ಬೀಜ ಒತ್ತಾಗಿ ಬೇಕು, ಹೊಲಕ್ಕೆ ವಿರಳವಾಗಿ ಸಾಕು. ಆದ್ದರಿಂದ ಖಂಡುಗದ ಹೊಲ ಖಂಡುಗದ ಗದ್ದೆಗಿಂತ ಬಹಳ ದೊಡ್ಡದು. ಮೊದಲನೆಯ ಪ್ರಶ್ನೆಗೆ ಅತ್ತೆ, ‘ನಾಲ್ಕು ಪಾವಿಗೆ ಸೇರು, ಹತ್ತು ಸೇರಿಗೆ ಕೊಳಗ, ಇಪ್ಪತ್ತು ಕೊಳಗಕ್ಕೆ ಖಂಡುಗ’ ಎಂದು ಮಗ್ಗಿಯ ಹಾಗೆ ಒಪ್ಪಿಸಿ, ಸ್ವಲ್ಪ ತಡೆದು, ‘ಅದು ನಮ್ಮನೇದು ಕಣಪ್ಪ. ನೀನು ಕೇಳ್ತಿರೋದು ಯಾವ ಊರಿನ ಕೊಳಗ?’ ಎಂದರು.

ಆ ಮರುಪ್ರಶ್ನೆ ಅವನ ತಲೆಯಲ್ಲಿ ಕುಳಿತುಬಿಟ್ಟಿತು. ಅವನಿಗೆ ಬ್ರಹ್ಮಾವರದ ಬಳಿ ಒಬ್ಬ ಗೆಳೆಯನಿದ್ದ, ನನಗೆ ಮಲೆನಾಡನ್ನು ಸುಗ್ಗಿಯ ಹೊತ್ತಿನಲ್ಲಿ ನೋಡುವ ಆಸೆಯಿತ್ತು. ಹೀಗಾಗಿ ಎರಡನ್ನೂ ಸೇರಿಸಿ ಹೊರಟೆವು. ಅಳೆದು ನೋಡಲು ಮನೆಯ ಪಾವು, ತೂಗಿ ನೋಡಲು ಅಡುಗೆಮನೆಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಪಾವನ್ನು ಕೊಡಲು ಅತ್ತೆಗೆ ಮನಸ್ಸಿರಲಿಲ್ಲ. ಅದರ ಹೊರಮೈಯಲ್ಲಿ ಸರ್ಕಾರದ ಮುದ್ರೆಯೊಂದಿದೆ, ದಿನವೂ ಬೆರಳು ತಾಗಿ ತಾಗಿ ಓದಲು ಬಾರದಷ್ಟು ಸವೆದಿದೆ. ಹೊರಡುವ ಹಿಂದಿನ ರಾತ್ರಿ ಅದರಲ್ಲಿ ಒಂದು ಪಾವು ಸೋನಾ ಮಸೂರಿ ಅಳೆದು ತೂಗಿದೆವು: 240 ಗ್ರಾಂ. ಹಳೆಯ ಮೈಸೂರಿನ ಪಕ್ಕಾ ಸೇರು 84 ತೊಲದ್ದು, ಅಂದರೆ ಸುಮಾರು 980 ಗ್ರಾಂ. ಅದರ ಕಾಲುಪಾಲು 245. ಐದು ಗ್ರಾಂ ಎಲ್ಲಿ ಹೋಯಿತು ಎಂದು ಹುಡುಗ ಕೇಳಿದ್ದಕ್ಕೆ ಅತ್ತೆ, ‘ನೀನು ಸವರೋವಾಗ ಹೋಯ್ತು’ ಎಂದರು.

ಮೊದಲ ದಿನ: ತಿಪಟೂರಿನಿಂದ ಶಿವಮೊಗ್ಗ

ಅರಸೀಕೆರೆ ದಾಟುವವರೆಗೂ ಮಂಜು. ತೆಂಗಿನ ತೋಟಗಳ ತಲೆ ಮಾತ್ರ ಕಾಣುತ್ತಿತ್ತು. ಕಡೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಮುಖ್ಯರಸ್ತೆಯ ಲಾರಿಗಳಿಂದ ತಪ್ಪಿಸಿಕೊಳ್ಳಲೆಂದು ಒಳದಾರಿ ಹಿಡಿದದ್ದೇ ತಪ್ಪಾಯಿತು. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆಯ ಒಳರಸ್ತೆಗಳೆಲ್ಲ ಕಣಗಳೇ. ಹುರುಳಿಯನ್ನು ಡಾಂಬರಿನ ಮೇಲೆ ಮೊಳದೆತ್ತರ ಹರಡಿದ್ದರು. ಅದರ ಮೇಲೆ ಹಾದ ನಮ್ಮ ಕಾರಿನ ಅಡಿಗೆ ಬಳ್ಳಿ ಸುತ್ತಿಕೊಂಡು, ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಳಿದು, ಕೈಗೆ ಎಟುಕಿದಷ್ಟನ್ನು ಕಿತ್ತು ತೆಗೆದೆವು. ಬಿಸಿ ಸೈಲೆನ್ಸರಿಗೆ ಒಣಬಳ್ಳಿ ತಾಗಿದರೆ ಬೆಂಕಿ ಹತ್ತಲು ಹೊತ್ತು ಬೇಕಿಲ್ಲವೆಂದು, ನಮ್ಮನ್ನು ನೋಡಿ ನಿಂತ ಬೈಕಿನವರೊಬ್ಬರು ಹೇಳಿ ಹೋದರು. ಜನವರಿಯಲ್ಲಿ ಈ ಕಡೆ ಕಾರು ತರುವವರು ಹೆದ್ದಾರಿ ಬಿಡದಿರುವುದೇ ಒಳ್ಳೆಯದು.

ಬೀರೂರು ದಾಟಿದ ಮೇಲೆ ಕಡಲೆಪುರಿ ಎಂಬ ಮಾತು ಹಿಂದೆ ಸರಿದು ಮಂಡಕ್ಕಿ ಎಂಬ ಮಾತು ಬರುತ್ತದೆ. ಆದರೆ ಅಳೆಯುವ ಸೇರು ಎರಡೂ ಕಡೆ ಉಳಿದಿದೆ. ದಾರಿಯ ಸಂತೆಯೊಂದರಲ್ಲಿ ಗೋಣಿತಾಟಿನ ಮೇಲೆ ಮಂಡಕ್ಕಿಯ ಗುಡ್ಡೆ ಹಾಕಿಕೊಂಡು ಕುಳಿತಿದ್ದ ಹೆಂಗಸಿನ ಬಳಿ ಎರಡು ಸೇರು ಕೇಳಿದೆ. ಆಕೆ ಎಡಗೈಯನ್ನು ಸೇರಿನ ಬಾಯಿಗೆ ಬೇಲಿಯಂತೆ ಸುತ್ತಿ, ಬಲಗೈಯಿಂದ ಮಂಡಕ್ಕಿಯನ್ನು ಗೋಪುರದಂತೆ ಏರಿಸಿ, ಗೋಪುರ ಕುಸಿಯುವ ಮುನ್ನ ನನ್ನ ಚೀಲಕ್ಕೆ ಸುರಿದಳು. ‘ಲಾಭ’ ಎಂದಳು. ಮತ್ತೊಮ್ಮೆ ಸುರಿದು ‘ಎರಡು’ ಎಂದಳು. ಒಂದು ಎಂಬುದನ್ನು ಬಾಯಿಬಿಟ್ಟು ಹೇಳದೆ ಲಾಭವೆಂದು ಎಣಿಕೆ ತೊಡಗುವುದನ್ನು ನಾನು ಚಿಕ್ಕಂದಿನಲ್ಲಿ ಕಣದಲ್ಲಿ ಕೇಳಿದ್ದೆ, ಮತ್ತೆ ಕೇಳಿದ್ದು ಅಂದೇ.

ಹುಡುಗ ಸೇರನ್ನು ಸ್ವಲ್ಪ ಕುಲುಕಿ ತುಂಬಬಾರದೇ ಎಂದು ಕೇಳಿದ. ‘ಕುಲುಕಿದ್ರೆ ಇಳೀತದೆ, ಇಳಿದಷ್ಟೂ ನಾನು ತುಂಬಬೇಕು. ನೀನು ಒಳ್ಳೆ ಲೆಕ್ಕದೋನು!’ ಎಂದು ಆಕೆ ನಕ್ಕಳು. ಅಳತೆಯ ಗುಟ್ಟೆಲ್ಲ ಆ ನಗುವಿನಲ್ಲಿತ್ತು ಎಂದು ನನಗೆ ಆಮೇಲೆ ಹೊಳೆಯಿತು. ತಕ್ಕಡಿಯಲ್ಲಿ ಕೈಚಳಕಕ್ಕೆ ಇರುವ ಜಾಗ ಕಡಿಮೆ. ಅಳೆಯುವಾಗ ಎಷ್ಟು ಎತ್ತರದಿಂದ ಸುರಿದರು, ಕುಲುಕಿದರೇ, ಬಾಯಿಮಟ್ಟಕ್ಕೆ ಸವರಿದರೇ, ಗೋಪುರ ಕಟ್ಟಿದರೇ ಎಂಬುದರ ಮೇಲೆ ಅದೇ ಸೇರು ಹಿಗ್ಗುತ್ತದೆ, ಕುಗ್ಗುತ್ತದೆ. ಅಕ್ಕಿ ತುಂಬಿದರೆ ಕೆ.ಜಿ.ಗೆ ಹತ್ತಿರ ತೂಗುವ ಸೇರಿನಲ್ಲಿ ಬಾಯಿಮಟ್ಟದ ಮಂಡಕ್ಕಿ ನೂರು ಗ್ರಾಂ ಚಿಲ್ಲರೆ ತೂಗುತ್ತದೆ. ಹಾಗಾಗಿಯೇ ಮಂಡಕ್ಕಿಯವರು ಕಿಲೋ ಲೀಟರುಗಳ ಕಾಯ್ದೆ ಬಂದರೂ ಸೇರನ್ನು ಬಿಡಲಿಲ್ಲ ಎಂದು ನನ್ನ ಊಹೆ. ನೂರು ಗ್ರಾಂ ಎಂದರೆ ಕೊಳ್ಳುವವರಿಗೆ ಏನೋ ಕಡಿಮೆ ಬಂದಂತೆ ಕಾಣುತ್ತದೆ, ಸೇರು ಎಂದರೆ ಚೀಲ ತುಂಬುತ್ತದೆ. ತರೀಕೆರೆ, ಭದ್ರಾವತಿಗಳನ್ನು ಮಂಡಕ್ಕಿ ಮೆಲ್ಲುತ್ತಲೇ ದಾಟಿ, ಸಂಜೆಗೆ ಶಿವಮೊಗ್ಗದಲ್ಲಿ ಇಳಿದುಕೊಂಡೆವು.

ಎರಡನೆಯ ದಿನ: ಶಿವಮೊಗ್ಗ, ಇಕ್ಕೇರಿ, ಸಾಗರ

ತುಂಗೆಯ ದಡದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಕರೆಯುವ, ಮರದ ಕಂಬಗಳ ಕಟ್ಟಡವಿದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ವಾರದ ರಜೆಯ ದಿನವನ್ನು ಕೇಳಿಕೊಂಡು ಹೋಗಬೇಕು. ಅಂಗಳದ ವೀರಗಲ್ಲು, ಮಾಸ್ತಿಕಲ್ಲುಗಳ ನಡುವೆ ಒಂದು ಗಂಟೆ ಕಳೆದೆವು. ಅಂಥ ಕಲ್ಲುಗಳ ಜೊತೆಯವೇ ಆದ ದಾನಶಾಸನಗಳಲ್ಲಿ ದೇವರಿಗೆ ಬಿಟ್ಟ ಗದ್ದೆಯನ್ನು ಖಂಡುಗ ಕೊಳಗಗಳಲ್ಲಿ, ನಂದಾದೀವಿಗೆಯ ಎಣ್ಣೆಯನ್ನು ಸೊಲ್ಲಗೆಯಲ್ಲಿ ಹೇಳುವುದು ರೂಢಿ. ಭಾಗಪತ್ರದ ಕೊಳಗಕ್ಕೂ ಅದಕ್ಕೂ ಹೆಸರು ಒಂದೇ ಎಂಬುದು ಹುಡುಗನಿಗೆ ಸಂತೋಷ ಕೊಟ್ಟಿತು, ಅಳತೆ ಒಂದೇ ಆಗಿರಲಾರದು ಎಂಬುದು ಸಿಟ್ಟು ತರಿಸಿತು.

ಶಿವಪ್ಪನಾಯಕನನ್ನು ನಾವು ಹುಡುಕಿ ಬಂದದ್ದು ಅರಮನೆಗಾಗಿ ಅಲ್ಲ, ಅವನ ಶಿಸ್ತಿಗಾಗಿ. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದ ಈತ ಕಂದಾಯ ನಿಗದಿಪಡಿಸುವ ಮೊದಲು ಊರೂರಿನಲ್ಲೂ ಬಗೆಬಗೆಯ ನೆಲದ ಒಂದೊಂದು ತಾಕನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಲೆಕ್ಕವಿಡಿಸಿದನೆಂದು ಹೇಳುತ್ತಾರೆ. ಆ ಲೆಕ್ಕದಿಂದ ಹುಟ್ಟಿದ ತೆರಿಗೆಯ ಕ್ರಮವೇ ಶಿಸ್ತು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ತಣ್ಣನೆಯ ಕಲ್ಲುಹಾಸಿನ ಮೇಲೆ ಕುಳಿತು ನಾನು ಇದನ್ನು ವಿವರಿಸುತ್ತಿದ್ದಾಗ ಹುಡುಗ ಕೇಳಿದ: ‘ಆ ಲೆಕ್ಕ ಅಳೆದ ಕೊಳಗ ಎಲ್ಲ ಊರಲ್ಲೂ ಒಂದೇ ಇತ್ತಾ ಚಿಕ್ಕಮ್ಮ?’ ಒಳ್ಳೆಯ ಪ್ರಶ್ನೆ. 1801ರಲ್ಲಿ ಇದೇ ಇಕ್ಕೇರಿಯ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ತನ್ನ ಪ್ರಯಾಣದುದ್ದಕ್ಕೂ ಇಳಿದಲ್ಲೆಲ್ಲ ಅಲ್ಲಿಯ ಕೊಳಗಕ್ಕೆ ಎಷ್ಟು ಸೇರು, ಖಂಡುಗಕ್ಕೆ ಎಷ್ಟು ಸೇರು ಎಂದು ವಿಚಾರಿಸಿ ಬರೆದುಕೊಳ್ಳುತ್ತ ಹೋದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಆ ಲೆಕ್ಕ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಒಂದು ಊರಿನದು ಇನ್ನೊಂದು ಊರಿಗೆ ಹೊಂದುತ್ತಿರಲಿಲ್ಲ. ಇಪ್ಪತ್ತು ಕೊಳಗಕ್ಕೆ ಖಂಡುಗ ಎಂಬ ಮಗ್ಗಿ ಮಾತ್ರ ಗಟ್ಟಿ; ಕೊಳಗದ ಹೊಟ್ಟೆ ಊರಿಗೊಂದು.

ಇಕ್ಕೇರಿಯಲ್ಲೇ ನಮ್ಮ ತಕ್ಕಡಿಯ ಬ್ಯಾಟರಿ ಮುಗಿಯಿತು. ಗುಂಡಿಯಂಥ ಆ ಬ್ಯಾಟರಿ ಸಾಗರದ ಎರಡು ಅಂಗಡಿಗಳಲ್ಲಿ ಸಿಗಲಿಲ್ಲ, ಮೂರನೆಯದು ಮುಚ್ಚಿತ್ತು. ಅಲ್ಲಿಂದ ಮುಂದೆ ನಮಗೆ ಉಳಿದದ್ದು ಪಾವು ಮಾತ್ರ.

ರಾತ್ರಿ ತಂಗಿದ್ದು ಸಾಗರದ ಹೊರಗೆ, ಅಡಿಕೆ ತೋಟದ ನಡುವಿನ ಒಂದು ಮನೆಯಲ್ಲಿ. ಮನೆಯವರು ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಚಳಿ ಮೂಳೆಗೆ ಇಳಿಯುವಂತಿತ್ತು, ಸ್ವೆಟರು ಸಾಲದೆ ಕಂಬಳಿ ಹೊದ್ದೇ ಊಟಕ್ಕೆ ಕುಳಿತೆವು. ಆಲೆಮನೆಯ ದಿನಗಳಾದ್ದರಿಂದ ತೊಡೆದೇವು ಬಂತು, ಅದರ ಮೇಲೆ ತುಪ್ಪ. ಅನ್ನಕ್ಕೆ ತಂಬುಳಿ, ಅಪ್ಪೆಮಿಡಿ. ನಮ್ಮ ಹುಡುಕಾಟದ ವಿಷಯ ತಿಳಿದ ಮನೆಯ ಯಜಮಾನರು ಊಟದ ನಂತರ ಟಾರ್ಚು ಹಿಡಿದು ಪಣತದ ಬಳಿಗೆ ಕರೆದೊಯ್ದರು. ಪಣತವೆಂದರೆ ಮಲೆನಾಡಿನವರು ಭತ್ತ ತುಂಬಿಡುವ ಹಲಗೆಯ ಕಣಜ. ಅದರ ಮೂಲೆಯಲ್ಲಿ, ಕಬ್ಬಿಣದ ಪಟ್ಟಿ ಬಿಗಿದ ಮರದ ಕೊಳಗವೊಂದು ಬೋರಲು ಬಿದ್ದಿತ್ತು, ಪಕ್ಕದಲ್ಲಿ ಸಿದ್ದೆ ಎಂದು ಅವರು ಕರೆಯುವ ಸಣ್ಣ ಮಾನ. ನಾನು ನೋಡಿ ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಕೊಳಗವೆಂದರೆ ತುಂಬಿದಾಗ ಇಬ್ಬರು ಹಿಡಿಯಬೇಕಾದ ವಸ್ತು. ಇದನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು.

ಭತ್ತದಿಂದ ಅಳೆದೆವು. ನಮ್ಮ ಪಾವಿನಲ್ಲಿ ಹನ್ನೆರಡು ಸುರಿದಾಗ ಕೊಳಗ ಬಾಯಿಮಟ್ಟಕ್ಕೆ ಬಂತು: ಮೂರು ಸೇರು. ಅತ್ತೆಯ ಕೊಳಗಕ್ಕೆ ನಲವತ್ತು ಪಾವು. ಹಾಗಾದರೆ ನಮ್ಮ ಖಂಡುಗ ಇನ್ನೂರು ಸೇರಿನದು, ಇವರದು ಅರವತ್ತರದು. ಹುಡುಗ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿರುವಾಗಲೇ ಯಜಮಾನರು ಇನ್ನೆರಡು ಪಾವು ಭತ್ತವನ್ನು ಅದೇ ಕೊಳಗದ ಮೇಲೆ ಗೋಪುರವಾಗಿ ನಿಲ್ಲಿಸಿದರು. ಒಂದು ಕಾಳು ಉರುಳಲಿಲ್ಲ. ಕೊಳಗದ ಬಾಯಿ ಅಗಲವಾದಷ್ಟೂ ಗೋಪುರ ದೊಡ್ಡದು. ಆದ್ದರಿಂದ ಹಿಡಿಯುವುದು ಒಂದೇ ಆದರೂ ಎತ್ತರದ ಕೊಳಗಕ್ಕಿಂತ ಅಗಲಬಾಯಿಯ ಕೊಳಗ ಪಡೆಯುವವನಿಗೆ ಲಾಭ, ಕೊಡುವವನಿಗೆ ನಷ್ಟ. ‘ಹನ್ನೆರಡೂ ಕೊಳಗವೇ, ಹದಿನಾಲ್ಕೂ ಕೊಳಗವೇ’ ಎಂದು ಅವರು ಗೋಪುರವನ್ನು ಅಂಗೈಯಿಂದ ಸವರಿ ಬೀಳಿಸಿದರು. ‘ನಾಳೆ ಕಾಗೋಡಿಗೆ ಹೋಗ್ತೀರಲ್ಲ, ಅಲ್ಲಿ ಕೇಳಿ.’

ಮೂರನೆಯ ದಿನ: ಕಾಗೋಡು

ಕಾಗೋಡು ಸಾಗರಕ್ಕೆ ಹತ್ತಿರವೇ. ಆದರೂ ಮೊಬೈಲಿನ ನಕ್ಷೆಯನ್ನು ನಂಬಿ ತಪ್ಪು ತಿರುವು ತೆಗೆದುಕೊಂಡೆವು. ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಾರಿನ ಎಡಚಕ್ರ ಗದ್ದೆಯಂಚಿನ ಕಾಲುವೆಗೆ ಇಳಿಯಿತು. ಅದೇ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದು ಮೇಲೆತ್ತಿದರು, ಹಣ ಮುಟ್ಟಲಿಲ್ಲ. ಈ ಕಡೆ ದಾರಿಯನ್ನು ಮನುಷ್ಯರನ್ನೇ ಕೇಳುವುದು ಲೇಸು, ನೆಟ್‌ವರ್ಕ್ ಕೂಡ ಇದ್ದಲ್ಲಿ ಇದ್ದಂತೆ, ಇಲ್ಲದಲ್ಲಿ ಇಲ್ಲ.

ಊರು ನೋಡಲು ಶಾಂತವಾಗಿದೆ. ಕೊಯ್ದ ಗದ್ದೆಗಳಲ್ಲಿ ಕೂಳೆ, ಅಂಚಿನಲ್ಲಿ ಹುಲ್ಲಿನ ಬಣವೆಗಳು, ಅದರಾಚೆ ಅಡಿಕೆ. ಇಲ್ಲಿಯ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, 1951ರ ಏಪ್ರಿಲ್‌ನಲ್ಲಿ ಹೂಡಿದ ಸತ್ಯಾಗ್ರಹವನ್ನು ನಾನು ಶಾಲೆಯಲ್ಲಿ ಓದಿದ್ದು ‘ಉಳುವವನೇ ನೆಲದೊಡೆಯ’ ಎಂಬ ಒಂದು ಸಾಲಿನಲ್ಲಿ. ಅದರ ಬುಡದಲ್ಲಿ ಒಂದು ಕೊಳಗವಿತ್ತೆಂದು ಪಾಠದಲ್ಲಿ ಇರಲಿಲ್ಲ, ಅಥವಾ ಇದ್ದದ್ದು ನನ್ನ ತಲೆಗೆ ಹೋಗಿರಲಿಲ್ಲ. ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಗೇಣಿ ಇಷ್ಟು ಖಂಡುಗವೆಂದು ಮಾತಾಗಿದ್ದರೂ ಅಂಗಳದಿಂದ ಹೊರಡುತ್ತಿದ್ದುದು ಅದಕ್ಕಿಂತ ಹೆಚ್ಚು. ಅಳತೆ ಸರಿಯಾಗಲಿ ಎಂದು ಕೇಳಿದ್ದು ಬೆಳೆದು, ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ತಂಡತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾಗುವವರೆಗೆ ಹೋಯಿತು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಇಲ್ಲಿಗೆ ಬಂದು ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಇದೇ ಸೀಮೆಯಿಂದ ವಿಧಾನಸಭೆಗೆ ಆರಿಸಿ ಹೋದರು.

ಚಹಾದಂಗಡಿಯ ಹಲಗೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಕೈಯಲ್ಲಿದ್ದ ಪಾವನ್ನು ನೋಡಿ ತಾವಾಗಿಯೇ ಮಾತಿಗೆ ಬಂದರು. ಸತ್ಯಾಗ್ರಹದ ಹೊತ್ತಿಗೆ ಅವರು ಇನ್ನೂ ಮಗು. ಕೇಳಿದ್ದೆಲ್ಲ ಅಪ್ಪನ ಬಾಯಿಂದ. ‘ಗೇಣಿ ಅಳೆಯೋ ದಿನ ಅಪ್ಪ ಕಣದಲ್ಲಿ ಕೂರ್ತಿರಲಿಲ್ವಂತೆ ಮಾರಾಯ್ರೆ, ನಿಂತೇ ಇರ್ತಿದ್ನಂತೆ. ಅಳೆಯೋನು ಅವರ ಕಡೆಯೋನು, ಕೊಳಗ ಅವರದ್ದು, ಎಣಿಸೋನೂ ಅವರೋನೇ. ನಮ್ಮದು ಅಂತ ಇದ್ದದ್ದು ಭತ್ತ ಒಂದೇ’ ಎಂದರು. ಸಂತೆಯಲ್ಲಿ ಕೇಳಿದ ‘ಲಾಭ’ದ ನೆನಪಾಗಿ, ಇಲ್ಲಿಯೂ ಹಾಗೆಯೇ ಎಣಿಸುತ್ತಿದ್ದರೇ ಎಂದು ಕೇಳಿದೆ. ‘ಎಣಿಸ್ತಿದ್ರು. ಯಾರಿಗೆ ಲಾಭ ಅಂತ ಹೇಳ್ತಿರಲಿಲ್ಲ’ ಎಂದು ಅವರು ನಗದೆಯೇ ಹೇಳಿದರು.

ನಮ್ಮ ಪಾವನ್ನು ಕೈಗೆ ತೆಗೆದುಕೊಂಡು ಮುದ್ರೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ತಡವಿದರು. ಅತ್ತೆಯ ಹೆಬ್ಬೆರಳು ತಾಗುವುದೂ ಅಲ್ಲಿಯೇ. ಸೇರಿಗೆ ಸವಾಸೇರು ಎಂಬ ಮಾತನ್ನು ನಾವು ಪೈಪೋಟಿಗೆ, ತಿರುಗೇಟಿಗೆ ಹೇಳುತ್ತೇವೆ. ಸೇರು ಎಂದು ಹೇಳಿ ಸವಾಸೇರು ಅಳೆದುಕೊಳ್ಳುವ ಮನೆಯೂ ಇದ್ದಿರಬಹುದು ಎಂಬುದು ಆ ಹಲಗೆಯ ಮೇಲೆ ಕುಳಿತಾಗ ಹೊಳೆಯಿತು. ದೇಶದಲ್ಲಿ ತೂಕ ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ, ಸೇರು ಹಿಂದೆ ಸರಿದು ಕಿಲೋ ಲೀಟರುಗಳು ಹಂತಹಂತವಾಗಿ ಬಂದದ್ದು ಆಮೇಲೆ. ಮೆಟ್ರಿಕ್ ಅಳತೆಯನ್ನು ನಾನು ಇಷ್ಟು ದಿನ ಪರೀಕ್ಷೆಯ ವಿಷಯವೆಂದೇ ತಿಳಿದಿದ್ದೆ; ಕಣದಲ್ಲಿ ನಿಂತೇ ಇದ್ದ ಗೇಣಿದಾರನಿಗೆ ಅದು ಏನಾಗಿ ಕಂಡಿದ್ದೀತು ಎಂದು ಆಲೋಚಿಸಿರಲಿಲ್ಲ. ಹುಡುಗ ಅಂದು ಹೆಚ್ಚು ಮಾತನಾಡಲಿಲ್ಲ. ಹಿಂದಿರುಗುವ ದಾರಿಯಲ್ಲಿ, ‘ಅಜ್ಜಿ ಯಾವ ಊರಿನ ಕೊಳಗ ಅಂತ ಕೇಳಿದ್ರು, ಯಾರ ಕೊಳಗ ಅಂತ ಕೇಳಬೇಕಿತ್ತು’ ಎಂದ.

ನಾಲ್ಕನೆಯ ದಿನ: ಘಟ್ಟದ ಕೆಳಗೆ

ಹೊಸನಗರ, ನಗರ, ಮಾಸ್ತಿಕಟ್ಟೆಗಳ ಮೇಲೆ ಹುಲಿಕಲ್ ಘಾಟಿ ಇಳಿದೆವು. ತಿರುವುಗಳು ಬಿಗಿಯಾಗಿವೆ, ಹೊಟ್ಟೆ ತುಂಬ ತಿಂದು ಇಳಿಯಬಾರದು. ಮೇಲೆ ಕಂಬಳಿ, ಕೆಳಗೆ ಬಂದೊಡನೆ ಬೆವರು. ಒಂದೇ ಗಂಟೆಯಲ್ಲಿ ಎರಡು ಕಾಲ. ಅಳತೆಯ ಹೆಸರುಗಳೂ ಘಟ್ಟದಲ್ಲೇ ಉದುರಿ ಬಿದ್ದವು. ಕುಂದಾಪುರದ ಬಳಿ ಎಳನೀರು ಕುಡಿಯುತ್ತ ವಿಚಾರಿಸಿದಾಗ, ಅಂಗಡಿಯವರು ಕೊಳಗವನ್ನು ಕೇಳಿಯೇ ಇರದವರಂತೆ ನೋಡಿ, ತಮ್ಮ ಕಡೆ ಅಳೆಯುವುದು ಹಾನೆಯಲ್ಲಿ, ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಗಂಟಾದ ಮುಡಿಯಲ್ಲಿ ಎಂದರು. ಹುಡುಗನಿಗೆ ಆನೆ ಎಂದು ಕೇಳಿಸಿ, ಮುಡಿಗೆ ಎಷ್ಟು ಆನೆ ಎಂಬ ಮಾತು ಸ್ವಲ್ಪ ಹೊತ್ತು ನಡೆಯಿತು. ಮುಡಿಗೆ ಎಷ್ಟು ಹಾನೆ ಎಂಬುದೂ ಊರಿಂದ ಊರಿಗೆ ಬೇರೆಯಂತೆ. ನಮಗೆ ಆಶ್ಚರ್ಯವೇನೂ ಆಗಲಿಲ್ಲ.

ಬ್ರಹ್ಮಾವರದ ಗೆಳೆಯನ ಮನೆಯಲ್ಲಿ ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ, ಬಂಗುಡೆ ಸಾರು. ಮನೆಯ ಅಜ್ಜ, ವಯಸ್ಸು ಎಂಬತ್ತು ದಾಟಿದವರು, ಒಂದು ಕಾಲದಲ್ಲಿ ಮುಡಿ ಕಟ್ಟುವುದರಲ್ಲಿ ಹೆಸರಾದವರು. ಬೈಹುಲ್ಲನ್ನು ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, 
ಹುಲ್ಲನ್ನು ಮೇಲೆತ್ತಿ ಕಟ್ಟಿ, ಹುಲ್ಲಿನದೇ ಹಗ್ಗದಿಂದ ಸುತ್ತುತ್ತ, ಬಡಿದು ಬಡಿದು ಗುಂಡಗೆ ಮಾಡಬೇಕು. ಚೆನ್ನಾಗಿ ಕಟ್ಟಿದ ಮುಡಿಯಿಂದ ಒಂದು ಕಾಳೂ ಉದುರುವುದಿಲ್ಲ, ಅಕ್ಕಿ ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಅದು ಕಣ್ಣಿಗೆ ಬೀಳುವುದು ಉಡುಪಿಯ ಪರ್ಯಾಯಕ್ಕೆ ಮೊದಲು ನಡೆಯುವ ಅಕ್ಕಿ ಮುಹೂರ್ತದಂಥ ಸಂದರ್ಭಗಳಲ್ಲಿ. ಹದಿನಾಲ್ಕು ಸೇರಿಗೆ ಕಳಸಿಗೆ, ಮೂರು ಕಳಸಿಗೆಗೆ ಮುಡಿ, ಅಂದರೆ ನಲವತ್ತೆರಡು ಸೇರು ಎಂಬುದು ಅಜ್ಜನ ಲೆಕ್ಕ. ಘಟ್ಟದ ಮೇಲೆ ಖಂಡುಗವೆಂಬುದು ಎಣಿಕೆಯ ಹೆಸರು ಮಾತ್ರ, ಅದನ್ನು ಯಾರೂ ಹೊರಲಾರರು. ಇಲ್ಲಿ ಮುಡಿಯೆಂಬುದು ಅಳತೆಯೂ ಹೌದು, ಹೆಗಲ ಮೇಲೆ ಹೊರುವ ಗಂಟೂ ಹೌದು. ಆ ಚೆಲುವು ನನಗೆ ಬಹಳ ಹಿಡಿಸಿತು.

ಅಜ್ಜನಿಗೆ ಚೆಲುವಿಗಿಂತ ಬೇರೆ ನೆನಪಿತ್ತು. ‘ಗೇಣಿ ಮುಡಿ ನಾವೇ ಕಟ್ಟಿ, ನಾವೇ ಹೊತ್ತು ಧಣಿಗಳ ಮನೆಗೆ ಹಾಕಬೇಕಿತ್ತು ಅಮ್ಮಾ. ಅಲ್ಲಿ ಮತ್ತೆ ಬಿಚ್ಚಿ ಅಳೆದರೆ ಒಂದು ಸೇರು ಕಮ್ಮಿ ಬರ್ತಿತ್ತು. ಯಾವಾಗಲೂ ಕಮ್ಮಿಯೇ. ಒಮ್ಮೆಯೂ ಹೆಚ್ಚು ಬರಲಿಲ್ಲ ನೋಡಿ’ ಎಂದರು. 1974ರ ಭೂಸುಧಾರಣೆಯ ಮೇಲೆ, ತಾವು ಗೇಣಿದಾರರೆಂದು ಡಿಕ್ಲರೇಶನ್ ಕೊಟ್ಟು ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡ ವರ್ಷ, ಮೊದಲ ಬೆಳೆಯನ್ನು ಅಳೆಯದೆಯೇ ಮನೆಯೊಳಗೆ ತುಂಬಿಸಿದರಂತೆ. ಎಷ್ಟು ಬಂತೆಂದು ಇಂದಿಗೂ ಗೊತ್ತಿಲ್ಲ ಎಂದು ಹೇಳುವಾಗ ಅವರಿಗೆ ತಡೆಯಲಾರದ ನಗು.

ಮರಳಿದ್ದು ಆಗುಂಬೆಯ ಮೇಲೆ. ಸೂರ್ಯಾಸ್ತದ ಕಟ್ಟೆಯ ಬಳಿ ಕಾರು ನಿಲ್ಲಿಸಿ ಚೀಲ ತಡಕಿದಾಗ ಪಾವು ಇರಲಿಲ್ಲ. ಅಜ್ಜನ ಮನೆಯ ಚಾವಡಿಯಲ್ಲೇ ಉಳಿದಿತ್ತು.

ಅತ್ತೆ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಪಕ್ಕದ ಮನೆಯಿಂದ ಒಂದು ಪಾವು ತಂದೆವು. ಅಕ್ಕಿಗೂ ನೀರಿಗೂ ಅದೇ ಪಾವಾದ್ದರಿಂದ ಅನ್ನ ಕೆಡಲಿಲ್ಲ, ಆದರೆ ದಿನವೂ ಒಂದು ಹಿಡಿ ಉಳಿಯಿತು. ಎಂಟು ದಿನ ಬೆಳಿಗ್ಗೆ ಚಿತ್ರಾನ್ನ ತಿಂದೆವು. ಒಂಬತ್ತನೆಯ ದಿನ ಪಾರ್ಸೆಲ್ ಬಂತು. ಪಾವಿನ ತುಂಬ ಕುಚ್ಚಲಕ್ಕಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿತ್ತು. ಅತ್ತೆ ಬಟ್ಟೆ ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು, ಪಾವನ್ನು ಸೆರಗಿನಿಂದ ಒರೆಸಿ ಡಬ್ಬಿಯೊಳಗೆ ಇಟ್ಟರು. ಕುಚ್ಚಲಕ್ಕಿ ಇನ್ನೂ ಹಾಗೇ ಇದೆ. ಅದನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯದು.